ಪೈನ್ ತೋಪಿನ ಕೆಳಗಿನ ನಲ್ಲಿ

ಮದುವೆ ನಿಶ್ಚಯವಾದ ಗಂಡುಹೆಣ್ಣುಗಳು ಯಾವ ಮರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಇಷ್ಟಪಡುತ್ತಾರೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದೇನೆ. ನಿವೃತ್ತ ಕನ್ನಡ ಮೇಷ್ಟರಿಗೆ ಕಂಡವರನ್ನು ಗಮನಿಸುವುದಕ್ಕಿಂತ ಘನವಾದ ಉದ್ಯೋಗ ಇನ್ನೇನಿರುತ್ತದೆ? ಹಲಸಿನ ಮರದ ಕೆಳಗೆ ಯಾರೂ ನಿಲ್ಲುವುದಿಲ್ಲ. ನೇರಳೆಯ ಕೆಳಗೆ ನಿಂತರೆ ರೇಷ್ಮೆ ಸೀರೆಗೆ ಕಲೆ, ಅತ್ತಿಯ ಕೆಳಗೆ ನಿಂತರೆ ನೆತ್ತಿಗೆ ಹಣ್ಣು. ಮಲ್ಲಂದೂರಿನ ಮೇಲಣ ನಮ್ಮ ಗುಡ್ಡಕ್ಕೆ ಚಿಕ್ಕಮಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಿದ್ದ ಜೋಡಿಗಳೆಲ್ಲ ನೇರವಾಗಿ ಹೋಗುತ್ತಿದ್ದುದು ಪೈನ್ ತೋಪಿಗೆ. ಅಲ್ಲಿ ನೆಲ ಗುಡಿಸಿಟ್ಟ ಅಂಗಳದಂತೆ ಖಾಲಿಯಾಗಿರುತ್ತಿತ್ತು. ಕಾಂಡಗಳು ಕವಾಯತಿಗೆ ನಿಂತ ಪೊಲೀಸರಂತೆ ನೆಟ್ಟಗಿರುತ್ತಿದ್ದವು. ಬೆಳಕು ಕೋಲುಕೋಲಾಗಿ ಇಳಿಯುತ್ತಿತ್ತು. "ಥೇಟ್ ಸಿಮ್ಲಾ ಇದ್ದಂಗಿದೆ" ಎಂದು ಫೋಟೋಗ್ರಾಫರ್ ಹೇಳುತ್ತಿದ್ದ. ಸಿಮ್ಲಾವನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿಲ್ಲ; ಆದ್ದರಿಂದ ನಮ್ಮಿಬ್ಬರ ನಡುವೆ ಭಿನ್ನಾಭಿಪ್ರಾಯಕ್ಕೆ ಆಸ್ಪದವಿರಲಿಲ್ಲ.

ಆ ಖಾಲಿ ನೆಲವೇ ನನ್ನನ್ನು ಕಾಡುತ್ತಿದ್ದುದು. ಕಾಡು ಕಾಡುವುದು ಸಹಜ. ಆದರೆ ಈ ತೋಪು ಕಾಡಲ್ಲದೆಯೂ ಕಾಡುತ್ತಿತ್ತು. ಪೈನಿನ ಎಲೆ ಎಂದರೆ ಎಲೆಯಲ್ಲ, ಸೂಜಿ. ಅದು ಉದುರಿ, ಉದುರಿದ್ದರ ಮೇಲೆ ಮತ್ತೆ ಉದುರಿ, ಹಾಸಿಗೆಯಷ್ಟು ದಪ್ಪವಾಗಿ ಹಾಸಿಕೊಂಡಿರುತ್ತಿತ್ತು. ಅದನ್ನು ತಿನ್ನಲು ಗೆದ್ದಲಿಗೂ ಮನಸ್ಸಿಲ್ಲ, ಕೊಳೆಸಲು ಮಳೆಗೂ ಪುರುಸೊತ್ತಿಲ್ಲ. ಅದರಡಿಯಲ್ಲಿ ಒಂದು ಜರಿಗಿಡ ಹುಟ್ಟುವುದಿಲ್ಲ, ಮೇಲೊಂದು ಹಕ್ಕಿ ಗೂಡು ಕಟ್ಟುವುದಿಲ್ಲ. ಪಠ್ಯಪುಸ್ತಕದ ಭಾಷೆಯಲ್ಲಿ ಇಂಥ ಮರಗಳಿಗೆ ಶಂಕುಧಾರಿ ಎಂದು ಹೆಸರು. ನನಗೆ ಈ ಶಂಕುಧಾರಿಯ ಮೇಲೆ ಮೊದಲಿನಿಂದಲೂ ಒಂದು ಶಂಕೆ. ಹಿಂದೆ ಯಾವನೋ ಬಿಳಿಯ ದೊರೆ ತನ್ನೂರಿನ ನೆನಪಿಗೆಂದು ನಾಲ್ಕು ಬೀಜ ಬಿತ್ತಿದನಂತೆ. ಮುಂದೆ ಬಂದ ಯಜಮಾನರು ಅದನ್ನೇ ಬೆಳೆಸಿ ಗುಡ್ಡದ ಅರ್ಧದುದ್ದಕ್ಕೂ ಪಟ್ಟಿಯಾಗಿ ನೆಟ್ಟರಂತೆ. ಆ ಎಸ್ಟೇಟು ಆಮೇಲೆ ಕೈಯಿಂದ ಕೈಗೆ ಹೋಗಿ, ಈಗ ಅದರ ಒಡೆಯರು ಯಾರೆಂಬುದು ಅಲ್ಲಿ ಲೆಕ್ಕ ಬರೆಯುವ ರೈಟರ್ ಸುರೇಶನಿಗೂ ಸರಿಯಾಗಿ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಒಂದು ಫೋನ್ ನಂಬರು. ಅದನ್ನೂ ಹೆಚ್ಚಿನ ವೇಳೆ ಯಾರೂ ಎತ್ತುವುದಿಲ್ಲ.

ಪೈನಿನ ಕೆಳಗಡೆಗೆ ಸಿಲ್ವರ್ ಓಕ್. ಕಾಫಿ ಸೀಮೆಯಲ್ಲಿ ಇದ್ದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಬೇರೆಯವರಿಗೆ ಇಷ್ಟು ಹೇಳಿದರೆ ಸಾಕು, ಇದು ಬೆಳ್ಳಿಯೂ ಅಲ್ಲ, ಓಕೂ ಅಲ್ಲ. ಎಲೆಯ ಬೆನ್ನು ಸ್ವಲ್ಪ ಬಿಳಿಚಿಕೊಂಡಿರುವುದರಿಂದ ಬೆಳ್ಳಿ ಎಂದರು. ಓಕ್ ಎಂದು ಯಾಕೆ ಕರೆದರೋ, ಬಹುಶಃ ಹೆಸರಿಡುವ ದಿನ ಬೇರೆ ಹೆಸರು ಉಳಿದಿರಲಿಲ್ಲ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಮೈ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಹಲಸು, ಹೊನ್ನೆ, ನಂದಿಗಳನ್ನು ಕಡಿಯಬೇಕಾದರೆ ಅನುಮತಿಗಾಗಿ ಅಲೆಯಬೇಕು, ಸಿಲ್ವರಿಗೆ ಆ ರಗಳೆ ಇಲ್ಲ. ಹೀಗಾಗಿ ಊರಿನ ಮರಗಳನ್ನು ಉಳಿಸಲು ಮಾಡಿದ ಕಟ್ಟಳೆಯೇ ಊರಿನವರು ಪರವೂರಿನ ಮರ ನೆಡುವುದಕ್ಕೆ ಪ್ರೇರಣೆಯಾಯಿತು. ನಾನೂ ನೆಟ್ಟಿದ್ದೇನೆ. ಅಂತೂ ನಮ್ಮ ಗುಡ್ಡದಲ್ಲಿ ಮೇಲೆ ಶಂಕುಧಾರಿ, ಕೆಳಗೆ ಓಕಲ್ಲದ ಓಕು. ಬೇರೆ ದೇಶದ ಒಣ ಪರ್ವತಗಳಲ್ಲಿ ಶಂಕುಧಾರಿಯೂ ನಿಜವಾದ ಓಕೂ ಒಟ್ಟಿಗೆ ಬಾಳುತ್ತವಂತೆ, ಅಲ್ಲಿ ಬೆಂಕಿಯೂ ಅವುಗಳ ಸಂಸಾರದ ಒಬ್ಬ ಸದಸ್ಯನಂತೆ. ಚಿಕ್ಕ ಬೆಂಕಿ ಆಗಾಗ ಬಂದು ಕಸ ಗುಡಿಸಿ ಹೋಗುತ್ತದೆ, ದೊಡ್ಡ ಮರಗಳು ದಪ್ಪ ತೊಗಟೆ ಹೊದ್ದು ಸುಮ್ಮನೆ ನಿಂತಿರುತ್ತವೆ. ಚಿಕ್ಕದನ್ನು ತಡೆಯುತ್ತ ಹೋದರೆ ಕಸ ಕೂಡಿ ಕೂಡಿ ಒಂದು ದಿನ ಎಲ್ಲವನ್ನೂ ನುಂಗುವ ಬೆಂಕಿ ಬರುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ಖುಷಿಪಟ್ಟಿದ್ದೆ. ಓದಿ ಖುಷಿಪಟ್ಟ ಸಂಗತಿಗಳು ಮನೆಯ ಹಿಂದೆ ನಡೆಯುತ್ತವೆಂದು ಯಾರು ಎಣಿಸಿರುತ್ತಾರೆ?

ಚಿಕ್ಕಮಗಳೂರಿನ ಗುಡ್ಡಗಳೆಂದರೆ ಸದಾ ಒದ್ದೆಯಾಗಿರುವ ಹಸಿರು ಎಂದು ತಿಳಿದವರು ಈ ಕಡೆಯ ಇಳಿಜಾರಿಗೆ ಬೇಸಿಗೆಯಲ್ಲಿ ಬರಬೇಕು. ಪಡುವಣದಿಂದ ಬರುವ ಮೋಡ ಕಳಸ, ಸಂಸೆ, ಬಾಳೂರಿನವರ ತಲೆಯ ಮೇಲೆ ತನ್ನ ಕೊಡವನ್ನೆಲ್ಲ ಬರಿದು ಮಾಡಿ, ನಮ್ಮ ಬಳಿಗೆ ಬರುವಷ್ಟರಲ್ಲಿ ಕೊಡ ಅಲ್ಲಾಡಿಸಿ ತೋರಿಸುತ್ತದೆ. ಮೇಲ್ತುದಿಯಲ್ಲಿ ಹುಲ್ಲು, ಗುಡ್ಡದ ಮಡಿಕೆಯಲ್ಲಿ ಮಾತ್ರ ಶೋಲ ಎಂದು ಕರೆಯುವ ಗಿಡ್ಡ ಮರಗಳ ಒತ್ತು ಕಾಡು, ಕಾಂಡದ ಮೇಲೆಲ್ಲ ಹಾವಸೆ, ಬುಡದಲ್ಲಿ ಒಂದು ಒರತೆ. ಆ ಒರತೆಯಿಂದ ಕಪ್ಪು ಪೈಪೊಂದು ಪೈನ್ ಪಟ್ಟಿಯನ್ನೂ ಸಿಲ್ವರ್ ಪಟ್ಟಿಯನ್ನೂ ಹಾದು ಕೆಳಗೆ ಇಳಿದು, ನನ್ನ ಮನೆಯೂ ಸೇರಿದಂತೆ ನಮ್ಮ ಕೇರಿಯ ಬೆರಳೆಣಿಕೆಯ ಮನೆಗಳಿಗೆ ನೀರು ಕೊಡುತ್ತಿತ್ತು. ಪೈಪಿನ ಕೊನೆಯ ನಲ್ಲಿ ಇದ್ದುದು ಖಾದರನ ಅಂಗಳದಲ್ಲಿ.

ಖಾದರ್ ಜೀಪ್ ಮೆಕ್ಯಾನಿಕ್. ತಿರುವಿನಲ್ಲಿ ಅವನ ಗ್ಯಾರೇಜು, ಅದರ ಹಿಂದೆ ಮನೆ, ಮನೆಯ ಹಿಂದೆ ಅಂಗೈಯಗಲ ಕಾಫಿ. ಸುತ್ತಲಿನ ಎಸ್ಟೇಟುಗಳ ಜೀಪುಗಳಲ್ಲಿ ಅರ್ಧಕ್ಕರ್ಧ ಅವನ ಕೈಚಳಕದಿಂದಲೇ ಓಡುತ್ತಿದ್ದವು, ಉಳಿದರ್ಧ ಅವನ ದುಆದಿಂದ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ಸಂಜೆ ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರ ವಾಸನೆಯೊಂದಿಗೇ ನನ್ನ ಜಗಲಿಗೆ ಬಂದು ಕೂರುತ್ತಿದ್ದ. ನಾನು ಮಾತಾಡುವುದು, ಅವನು ಎದುರು ಮಾತಾಡುವುದು, ಇದು ನಮ್ಮ ಕ್ರಮ. ನಾಲ್ಕು ದಶಕ ಪಾಠ ಹೇಳಿದವನಿಗೆ ಎದುರು ಮಾತಾಡುವವನೊಬ್ಬ ಸಿಗುವುದು ಎಂಥ ಆರೋಗ್ಯಕರ ಸಂಗತಿ ಎಂದು ನನಗೆ ತಡವಾಗಿ ತಿಳಿಯಿತು.

ಪೈನಿನ ವಿಷಯದಲ್ಲಿ ನಾವು ಬದ್ಧವಿರೋಧಿಗಳು.

"ನಿಮಗೆ ಪೈನ್ ಮೇಲೆ ಯಾಕೆ ಅಷ್ಟು ಸಿಟ್ಟು ಮಾರಾಯ್ರೆ?" ಎಂದು ಅವನು ಕೇಳುತ್ತಿದ್ದ. "ಗಾಳಿ ಬಂದಾಗ ಒಂದ್ಸಲ ಕಿವಿ ಕೊಟ್ಟು ಕೇಳಿ. ಥೇಟ್ ಕಡಲು. ಮದುವೆ ಆದ ಹೊಸತರಲ್ಲಿ ಇವಳನ್ನ ಮಂಗ್ಳೂರಿಗೆ ಕರ್ಕೊಂಡು ಹೋಗಿದ್ನಲ್ಲ, ಅದೇ ಸದ್ದು. ಬಸ್ ಚಾರ್ಜಿಲ್ದೆ ಮನೆ ಹಿಂದೆ ಕಡಲು ಸಿಕ್ಕಿದ್ರೆ ಬ್ಯಾಡ ಅಂತೀರಲ್ಲ ನೀವು."

ಅವನ ಹೆಂಡತಿ ಜುಲೈಕಾ ನನ್ನ ಪಕ್ಷ. ಅವಳು ಸಂಸೆಯ ಕಡೆಯವಳು. "ನಮ್ಮೂರಲ್ಲಿ ಬೇಸಿಗೇಲೂ ಕಾಲಡಿ ತಂಪಿರ್ತದೆ ಮೇಷ್ಟ್ರೇ. ಆ ಪೈನ್ ಕೆಳಗೆ ನಡೆದ್ರೆ ಹಪ್ಪಳ ತುಳಿದಂಗೆ ಆಗ್ತದೆ" ಎಂದು ಒಮ್ಮೆ ಹೇಳಿದ್ದಳು. ಪೈನ್ ಸೂಜಿಯ ಮೇಲೆ ಜಾರಿ ಬಿದ್ದು ಅವಳ ಮೊಣಕೈ ಉಳುಕಿದ್ದೂ ಉಂಟು. ಖಾದರ್ ಅದಕ್ಕೂ ನಕ್ಕು, "ಕಡಲ ದಂಡೇಲಿ ಜಾರೋದು ಇದ್ದದ್ದೇ" ಎಂದ.

ಆ ವರ್ಷ ಕಾಫಿ ಕೊಯ್ಲು ಮುಗಿದು, ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ಹೂಮಳೆ ಎಂದರೆ ಬೇಸಿಗೆಯ ನಡುವೆ ಬಂದು ಕಾಫಿಯ ಮೊಗ್ಗು ಅರಳಿಸಿ ಹೋಗುವ ಮಳೆ. ಅದು ತಪ್ಪಿದರೆ ಗಿಡದಲ್ಲಿ ಮೊಗ್ಗು ಕರಟುತ್ತದೆ. ಆ ಸಲ ಅದು ತಪ್ಪಿತು. ಸಿಲ್ವರ್ ಮರಗಳಡಿಯ ತರಗು ಕಾಲಿಟ್ಟರೆ ಪುಡಿಯಾಗುತ್ತಿತ್ತು. ನಡುನಡುವೆ ಬೆಳೆದ ಲಂಟಾನದ ಪೊದೆ ಒಣಗಿ ಹಂಚಿಕಡ್ಡಿಯಾಗಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆಗೆ ಕೈ ಹಾಕಿದಾಗ ಗುಡ್ಡದ ನೆತ್ತಿಯಲ್ಲಿ ಹೊಗೆ ಕಂಡಿತು.

ನೆತ್ತಿಯ ಹುಲ್ಲಿಗೆ ಬೆಂಕಿ ಬೀಳುವುದು ನಮಗೆ ಹೊಸತಲ್ಲ. ಹುಲ್ಲಿನ ಬೆಂಕಿ ಅವಸರದ ಪ್ರಾಣಿ. ಓಡುತ್ತದೆ, ಸುಡುತ್ತದೆ, ಮುಗಿಯುತ್ತದೆ. ಹುಲ್ಲಿನ ಬೇರು ನೆಲದೊಳಗೆ ತಣ್ಣಗೆ ಮಲಗಿದ್ದು ಮೊದಲ ಹನಿಗೇ ಚಿಗುರುತ್ತದೆ. ಶೋಲದ ಅಂಚಿಗೆ ಬಂದ ಬೆಂಕಿ ಅಲ್ಲಿಯ ತೇವ ಕಂಡು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತವರ ಹಾಗೆ ನಿಲ್ಲುತ್ತದೆ. ಮರ ಹುಲ್ಲುಗಳ ನಡುವಿನ ಈ ಒಡಂಬಡಿಕೆ ನಮಗಿಂತ ಹಳೆಯದು. ಆದರೆ ಆ ಒಡಂಬಡಿಕೆಯಲ್ಲಿ ಪೈನಿನ ರುಜು ಇರಲಿಲ್ಲ.

ಹುಲ್ಲಿನಿಂದ ಇಳಿದ ಬೆಂಕಿ ಪೈನ್ ಪಟ್ಟಿಯ ಸೂಜಿಹಾಸಿಗೆಯನ್ನು ಮುಟ್ಟಿದ ಕ್ಷಣ ಅದರ ದನಿಯೇ ಬದಲಾಯಿತು. ಅದುವರೆಗೆ ಚಟಚಟ ಎನ್ನುತ್ತಿದ್ದದ್ದು ಒಮ್ಮೆಲೇ ಹೂಂಕರಿಸಿತು. ರಾಳ ತುಂಬಿದ ಕಾಂಡಗಳು ಬುಡದಿಂದ ತುದಿಯವರೆಗೆ ಒಂದೇ ಉಸಿರಿಗೆ ಹೊತ್ತಿಕೊಂಡವು. ಎಸ್ಟೇಟಿನ ಆಳುಗಳು, ಕೇರಿಯವರು, ರೈಟರ್ ಸುರೇಶ, ಖಾದರ್ ಎಲ್ಲರೂ ಹಸಿ ಸೊಪ್ಪಿನ ಗೆಲ್ಲು ಹಿಡಿದು, ಬೆನ್ನಿಗೆ ಸ್ಪ್ರೇ ಡಬ್ಬ ಕಟ್ಟಿಕೊಂಡು ಮೇಲೆ ಓಡಿದರು. ನಾನೂ ಒಂದು ಗೆಲ್ಲು ಹಿಡಿದು ಹೋದೆ. ನನ್ನಿಂದ ಬೆಂಕಿಗೆ ಆದ ತೊಂದರೆ ಅತ್ಯಲ್ಪ. ಕೆಮ್ಮಿ ಕೆಮ್ಮಿ ಜನರಿಗೇ ನಾನೊಂದು ತೊಂದರೆಯಾದೆ. ಖಾದರ್ ನನ್ನ ರಟ್ಟೆ ಹಿಡಿದು ಹಿಂದಕ್ಕೆ ದೂಡಿ, "ನೀವು ಕೆಳಗೆ ಹೋಗಿ ಗ್ಯಾರೇಜಿನ ಡೀಸೆಲ್ ಕ್ಯಾನ್ ದೂರ ಇಡ್ಸಿ ಮೇಷ್ಟ್ರೇ, ಅದೇ ದೊಡ್ಡ ಉಪಕಾರ" ಎಂದ. ನಾನು ಇಳಿದೆ. ಜುಲೈಕಾ ಅಷ್ಟರಲ್ಲಾಗಲೇ ಕ್ಯಾನುಗಳನ್ನು ರಸ್ತೆಯಾಚೆಗೆ ಸಾಗಿಸಿದ್ದಳು.

ಬೆಂಕಿ ಲಂಟಾನವನ್ನು ಏಣಿಯಾಗಿಸಿಕೊಂಡು ಸಿಲ್ವರಿನ ತಲೆಗೇರಿತು. ಇತ್ತ ಗಂಡಸರು ಹೆಂಗಸರು ಸೇರಿ ತರಗು ಕೆರೆದು ಬೆಂಕಿಗೆರೆ ಮಾಡಿ ಮನೆಗಳನ್ನು ಉಳಿಸಿಕೊಂಡರು. ಅತ್ತ ಮಡಿಕೆಯ ಶೋಲವನ್ನು ಉಳಿಸಿಕೊಳ್ಳಲು ಯಾರಿಗೂ ಆಗಲಿಲ್ಲ. ಹುಲ್ಲಿನ ಬೆಂಕಿಗೆ ಹೊಸ್ತಿಲಾಗಿದ್ದ ಆ ತೇವ, ಪಕ್ಕದಲ್ಲೇ ನಿಂತು ಉರಿಯುವ ಪೈನಿನ ಕಾವಿಗೆ ಆವಿಯಾಯಿತು. ಸಂಜೆಯ ಹೊತ್ತಿಗೆ ಹಾವಸೆ ಹೊದ್ದ ಆ ಗಿಡ್ಡ ಮರಗಳು ಒಳಗೆಲ್ಲ ಕೆಂಡವಾಗಿ ಕಾಣುತ್ತಿದ್ದವು. ಬೆಂಕಿ ಹೇಗೆ ಹುಟ್ಟಿತೆಂದು ಊರಿನಲ್ಲಿ ಹಲವು ಮಾತು. ದನ ಮೇಯಿಸುವವರೆಂದರು, ಫೋಟೋಕ್ಕೆ ಬಂದವರು ಸೇದಿ ಎಸೆದ ಬೀಡಿ ಎಂದರು, ಕರೆಂಟಿನ ತಂತಿ ಎಂದರು. ಯಾವುದೂ ಖಚಿತವಾಗಲಿಲ್ಲ.

ಯಾರಿಗೂ ಏನೂ ಆಗಲಿಲ್ಲವಲ್ಲ, ಎಂದು ನಾವೆಲ್ಲ ಹೇಳಿಕೊಂಡೆವು. ಸುರೇಶನ ಹುಬ್ಬು ಸುಟ್ಟಿತ್ತು, ಖಾದರನ ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು, ಅಷ್ಟೇ. ಸುರೇಶ ಹುಬ್ಬಿಲ್ಲದ ಮುಖದಲ್ಲಿ ಸದಾ ಆಶ್ಚರ್ಯಪಡುತ್ತಿರುವವನಂತೆ ಕಾಣುತ್ತಿದ್ದನೆಂದು ನಾವು ನಕ್ಕದ್ದೂ ಉಂಟು. ಆಮೇಲಿನ ದಿನಗಳಲ್ಲಿ ನಮ್ಮ ಚಿಂತೆಯೆಲ್ಲ ನೀರಿನದು. ಪೈಪು ಬೆಂಕಿಯಲ್ಲಿ ಕರಗಿ, ಕಲ್ಲಿಗೆ ಮೆತ್ತಿಕೊಂಡ ಕರಿಯ ಗೋಂದಾಗಿತ್ತು. ರಸ್ತೆಯಾಚೆಯ ತೋಡಿನಿಂದ ಕೊಡದಲ್ಲಿ ಹೊತ್ತು ಹೆಂಗಸರ ಸೊಂಟ ಬಿದ್ದುಹೋಯಿತು. ಖಾದರ್ ಎಲ್ಲಿಂದಲೋ ಹೊಸ ಪೈಪಿನ ಸುರುಳಿ ತಂದು, ಒರತೆಯಿಂದ ಕೆಳಕ್ಕೂ ಮನೆಗಳಿಂದ ಮೇಲಕ್ಕೂ ಜೋಡಿಸುತ್ತ ಬಂದ. ಒರತೆ ಬತ್ತಿರಲಿಲ್ಲ, ಆದರೆ ಬೂದಿ ಬೆರೆತು ಕಾಫಿ ಡಿಕಾಕ್ಷನ್ನಿನ ಬಣ್ಣ ತಿರುಗಿತ್ತು.

ಕೊನೆಯ ಜೋಡಣೆ ಉಳಿದದ್ದು ಅವನ ಮನೆಯ ಮೇಲಣ ಪೈನ್ ಪಟ್ಟಿಯ ಕೆಳ ಅಂಚಿನಲ್ಲಿ. ಆ ದಿನ ಬೆಳಿಗ್ಗೆ ನಾನೂ ಅವನೊಂದಿಗೆ ಹೋದೆ. ಸುರುಳಿಯ ತುದಿ ಹಿಡಿದು ನಿಲ್ಲುವುದಕ್ಕೆ ವಿಶೇಷ ವಿದ್ವತ್ತು ಬೇಡವೆಂದು ಅವನೇ ಕರೆದಿದ್ದ. ಬೆಂಕಿ ಆರಿ ಎಷ್ಟೋ ದಿನ ಕಳೆದಿತ್ತು. ಮರಗಳು ಕಪ್ಪಾಗಿ, ಕೊಂಬೆಯಿಲ್ಲದೆ, ನಿಂತಲ್ಲೇ ನಿಂತಿದ್ದವು. ಗಾಳಿಯ ಸುಳಿವಿಲ್ಲ. ಎಲೆಯಿಲ್ಲದ ಮೇಲೆ ಗಾಳಿ ಬಂದರೂ ಅವುಗಳಿಗೆ ಸದ್ದು ಮಾಡಲು ಏನೂ ಉಳಿದಿರಲಿಲ್ಲ. ಖಾದರ್ ಒಮ್ಮೆ ತಲೆಯೆತ್ತಿ ನೋಡಿ, "ಕಡಲು ಒಣಗಿ ಹೋಯ್ತು ಮೇಷ್ಟ್ರೇ" ಎಂದ. ನಾನು ಗೆದ್ದ ವಾದವನ್ನು ಎತ್ತಿ ಆಡಲು ಮನಸ್ಸಾಗಲಿಲ್ಲ.

ಅವನು ಪೈಪಿನ ತುದಿಯನ್ನು ಬಿಸಿ ಮಾಡಿ, ಜಾಯಿಂಟಿಗೆ ತುರುಕಿ, ತಂತಿ ಬಿಗಿದ. ಪೈಪಿಗೆ ಕಿವಿ ಇಟ್ಟು, "ಬರ್ತಾ ಇದೆ, ಒಳಗೆ ಗುರುಗುಟ್ತಾ ಇದೆ" ಎಂದು ನಕ್ಕ. ಕೆಳಗೆ ಅಂಗಳದಲ್ಲಿ ಜುಲೈಕಾ ನಲ್ಲಿ ತಿರುಗಿಸಿಕೊಂಡು ನಿಂತಿದ್ದಳು. ನೀರು ಬಂದೊಡನೆ ಕೂಗಬೇಕೆಂದು ಅವನು ಹೇಳಿ ಬಂದಿದ್ದ. ಅವನು ಒಂದು ಕಲ್ಲಿನ ಮೇಲೆ ಕೂತು, ಬೊಕ್ಕೆ ಒಡೆದ ಅಂಗೈಯನ್ನು ಊದಿಕೊಳ್ಳುತ್ತ ಕಾದ. ನಾನು ಉಳಿದ ಪೈಪನ್ನು ಸುತ್ತಲು ಸ್ವಲ್ಪ ಈಚೆಗೆ ಬಂದಿದ್ದೆ.

ಮರ ಮುರಿಯುವ ಸದ್ದು ಆಗಲಿಲ್ಲ. ಮುರಿಯುವುದಕ್ಕೆ ಅದಕ್ಕೆ ಬುಡವೇ ಇರಲಿಲ್ಲ. ಮೇಲೆ ಆರಿದಂತೆ ಕಂಡ ಬೆಂಕಿ ಆ ದಪ್ಪ ಸೂಜಿಹಾಸಿಗೆಯ ಅಡಿಯಲ್ಲಿ ಹೊಗೆಯೂ ಬಿಡದೆ ತೆವಳುತ್ತ ಬೇರುಗಳನ್ನೆಲ್ಲ ತಿಂದು ಮುಗಿಸಿತ್ತು ಎಂಬುದು ಆಮೇಲೆ, ಆ ಗುಳಿ ನೋಡಿದಾಗ ತಿಳಿಯಿತು. ಉಸ್ಸೆಂದು ಏನೋ ಜಾರಿದಂತೆ ಕೇಳಿ ನಾನು ತಿರುಗುವಷ್ಟರಲ್ಲಿ ಅಷ್ಟೆತ್ತರದ ಕಂಬ ನಿಂತ ಜಾಗದಿಂದ ಉರುಳಿ ಮಲಗಿತ್ತು, ಬೂದಿ ಮೋಡವಾಗಿ ಎದ್ದಿತ್ತು. ನಾನು "ಖಾದರ್" ಎಂದು ಕೂಗಿದೆ. ಬೂದಿ ಇಳಿದಾಗ ಅವನ ಕಾಲು ಕಂಡಿತು, ಕಲ್ಲಿನ ಆಚೆ. ಅವನ ಎದೆಯ ಮೇಲೆ ಮರವಿತ್ತು. ಕಣ್ಣು ತೆರೆದಿತ್ತು. ನಾನು ಆ ಮರವನ್ನು ತಳ್ಳಿದೆ, ಅದು ಅಲ್ಲಾಡಲಿಲ್ಲ. ಮತ್ತೆ ತಳ್ಳಿದೆ.

ಆಗ ಕೆಳಗಿನಿಂದ ಜುಲೈಕಾಳ ದನಿ ಕೇಳಿತು.

"ಬಂತೂ! ಕೇಳ್ತದಾ? ನೀರು ಬಂತೂ!"

ಅವಳು ಇನ್ನೊಮ್ಮೆ, ನಗುತ್ತಲೇ ಇರಬೇಕು, "ಕರಿ ನೀರು ಬರ್ತಾ ಇದೆ, ತಿಳಿಯಾಗ್ಬೋದು, ಇಳಿದು ಬನ್ನಿ" ಎಂದು ಕೂಗಿದಳು. ನಾಲ್ಕು ದಶಕ ಶಬ್ದಗಳನ್ನೇ ನಂಬಿ ಅನ್ನ ತಿಂದವನು ನಾನು. ಒಂದು ಹೆಂಗಸಿಗೆ ಕೂಗಿ ಹೇಳಬಹುದಾದ ಒಂದೇ ಒಂದು ಶಬ್ದ ಆಗ ನನಗೆ ಸಿಗಲಿಲ್ಲ. ಕೊನೆಗೆ "ಸುರೇಶ್, ಸುರೇಶ್" ಎಂದು ಅವಳಿಗೆ ಸಂಬಂಧವಿಲ್ಲದ ಹೆಸರನ್ನು ಕೂಗಿದೆ. ಎಸ್ಟೇಟಿನ ಕಡೆಯಿಂದ ಸುರೇಶ ಆಳುಗಳನ್ನು ಕರೆದುಕೊಂಡು ಬರುವ ಮೊದಲೇ ಜುಲೈಕಾ ಹತ್ತಿ ಬಂದಳು. ನನ್ನ ಕೂಗಿನಲ್ಲಿ ತನ್ನ ಗಂಡನ ಹೆಸರಿಲ್ಲದ್ದೇ ಅವಳಿಗೆ ಎಲ್ಲ ಹೇಳಿತಂತೆ. ಅದನ್ನು ಅವಳೇ ಬಹಳ ದಿನದ ಮೇಲೆ ಹೇಳಿದಳು.

ಮರ ಕೊಯ್ದು ಅವನನ್ನು ತೆಗೆದರು. ಎಸ್ಟೇಟಿನ ಜೀಪಿನಲ್ಲಿ ಮಲಗಿಸಿದಾಗ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸುರೇಶ ಸ್ಟೀರಿಂಗಿನ ಮೇಲೆ ತಲೆಯಿಟ್ಟು, "ಮೊನ್ನೆ ತಾನೇ ಇವ್ರೇ ರಿಪೇರಿ ಮಾಡಿದ್ದು ಸರ್" ಎಂದು ಅತ್ತ. ಆಸ್ಪತ್ರೆಯಲ್ಲಿ ಅವರು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಮನೆಗೆ ತಂದ ಮೇಲೆ ಮೈ ತೊಳೆಸಲು ನೀರು ಬೇಕಾಯಿತು. ಯಾರೋ ತೋಡಿನಿಂದ ತರಲು ಕೊಡ ಎತ್ತಿಕೊಂಡರು. ಬಾಗಿಲೊಳಗೆ ಕೂತಿದ್ದ ಜುಲೈಕಾ ತಲೆಯೆತ್ತದೆ, "ನಲ್ಲೀಲಿ ಬರ್ತಾ ಇದೆ" ಎಂದಳು. ಅಷ್ಟು ಹೊತ್ತಿಗೆ ನೀರು ತಿಳಿಯಾಗಿತ್ತು. ಅವನು ಜೋಡಿಸಿದ ಪೈಪಿನ ನೀರಿನಲ್ಲೇ ಅವನನ್ನು ಮೀಯಿಸಿದರು. ಮಣ್ಣಿಗೆ ಹೋದಾಗ ಗಂಡಸರ ಸಾಲಿನಲ್ಲಿ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಬೂದಿ ಇತ್ತು.

ಓದುಗರೇ, ಇಂಥ ಪ್ರಬಂಧಗಳಲ್ಲಿ ಇಲ್ಲಿಗೆ ಬಂದಾಗ ಲೇಖಕ ಒಂದು ತತ್ತ್ವವನ್ನು ತೆಗೆದು ನಿಮ್ಮ ಕೈಗಿಡಬೇಕು. ನನ್ನ ಜೋಳಿಗೆಯಲ್ಲಿ ಅದು ಇಲ್ಲ. ಬೆಂಕಿಯೊಂದಿಗೆ ಹೋರಾಡಿ ಗೆದ್ದವನು, ಬೆಂಕಿಯಿಲ್ಲದ, ಗಾಳಿಯಿಲ್ಲದ ಬೆಳಗಿನಲ್ಲಿ, ತಾನು ಪ್ರೀತಿಸಿದ ಮರದ ಕೆಳಗೆ ಹೋದ. ಮರಕ್ಕೆ ಅವನ ಪ್ರೀತಿಯೂ ಗೊತ್ತಿರಲಿಲ್ಲ, ನನ್ನ ದ್ವೇಷವೂ ಗೊತ್ತಿರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಾನು ಸಂಜೆ ಜಗಲಿಯಲ್ಲಿ ಕೂತು ಪೈನಿನ ವಿರುದ್ಧ ಮನಸ್ಸಿನಲ್ಲೇ ಎಷ್ಟೋ ಭಾಷಣ ಮಾಡಿದ್ದೇನೆ. ಎದುರು ಮಾತಾಡುವವನಿಲ್ಲದ ಮೇಲೆ ನನ್ನ ವಾದ ನನಗೇ ಸಪ್ಪೆ ಎನಿಸುತ್ತದೆ.

ಮುಂಗಾರು ಹಿಡಿದು ಹೊಡೆದ ಮೇಲೆ, ಗುಡ್ಡ ಹಸಿರಾಗುತ್ತಿದೆ ಎಂದು ಸುರೇಶ ಸುದ್ದಿ ತಂದ. ಅವನ ಹುಬ್ಬು ಮತ್ತೆ ಬಂದಿತ್ತು. "ಪುಣ್ಯ ಸರ್, ನರ್ಸರಿ ಸಸಿ ತರಿಸೋ ತಾಪತ್ರಯ ಇಲ್ಲ, ತಾನಾಗೇ ಹುಟ್ಟಿದೆ" ಎಂದ. ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಪೈಪು ನೋಡಿಕೊಂಡು ಬರುತ್ತೇನೆಂದು ಜುಲೈಕಾ ಹೊರಟಳು. ಗಂಡ ಹೋದ ಮೇಲೆ ಹೊರಗೆ ಬಾರದೆ ಕಳೆಯಬೇಕಾದ ದಿನಗಳನ್ನು ಅವಳು ಅಷ್ಟರಲ್ಲಿ ಕಳೆದಿದ್ದಳು. ನೀರಿನ ಪೈಪಿನ ಉಸ್ತುವಾರಿ ಕೇರಿಯವರು ಕೇಳದೆಯೇ ಅವಳ ಪಾಲಿಗೆ ಬಂದಿತ್ತು. ನಾನೂ ಕೋಲೂರಿಕೊಂಡು ಹಿಂದೆ ಹೋದೆ. ಹಾದಿಯ ಮೇಲೆ ವಾಲಿದ್ದ ಸುಟ್ಟ ಮರಗಳನ್ನು ಆ ಹೊತ್ತಿಗೆ ಉರುಳಿಸಿದ್ದರು.

ನೆತ್ತಿಯಲ್ಲಿ ಹುಲ್ಲು ಎಂದಿನಂತೆ ಎದ್ದು ನಿಂತಿತ್ತು. ಶೋಲದ ಮಡಿಕೆಯಲ್ಲಿ ಕರಿಯ ಮೋಟುಗಳು. ಒಂದೆರಡರ ಬುಡದಲ್ಲಿ ಕೆಂಪು ಚಿಗುರು, ಉಳಿದವು ಸತ್ತಿದ್ದವು. ಅವು ಆ ಎತ್ತರಕ್ಕೆ ಬರಲು ಎಷ್ಟು ತಲೆಮಾರು ಹಿಡಿದಿತ್ತೋ, ಮತ್ತೆ ಬರುವುದಾದರೆ ಅದನ್ನು ನೋಡಲು ನಮ್ಮಲ್ಲಿ ಯಾರೂ ಇರುವುದಿಲ್ಲ. ಒರತೆಯ ನೀರು ಮಳೆಗಾಲದಲ್ಲೂ ಸಣ್ಣಗೆ ಬರುತ್ತಿತ್ತು. ಸುರೇಶ ಹೇಳಿದ ಹಸಿರು ಇದ್ದುದು ಪೈನ್ ಪಟ್ಟಿಯಲ್ಲಿ, ಪಟ್ಟಿಯ ಆಚೆಗೆ, ಶೋಲದ ಅಂಚಿನೊಳಕ್ಕೂ. ನೆಲದ ತುಂಬ ಬೆರಳುದ್ದದ ಸಸಿಗಳು, ತಾಯಿಯ ಹೊಟ್ಟೆಯಿಂದ ಆಗತಾನೇ ಬಂದ ಕೂಸಿನ ಕೂದಲಿನಂತೆ ಮೃದು. ಕೆಲವು ಜಾತಿಯ ಪೈನಿನ ಕಾಯಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡೇ ಇದ್ದು, ಬೆಂಕಿಯ ಕಾವು ತಗುಲಿದಾಗ ತೆರೆದು ಬೀಜ ಚೆಲ್ಲುತ್ತದೆಂದು ನಾನು ಓದಿದ್ದೆ. ಬೆಂಕಿ ಉಳಿದವರಿಗೆ ಸಾವು, ಅದಕ್ಕೆ ಬಿತ್ತನೆ.

"ಇವು ಎಂತದು ಮೇಷ್ಟ್ರೇ?" ಎಂದು ಜುಲೈಕಾ ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಪೈನ್" ಎಂದೆ.

ಅವಳು ಕುಕ್ಕರಗಾಲಿನಲ್ಲಿ ಕೂತು ಒಂದು ಸಸಿಯನ್ನು ಎರಡು ಬೆರಳಲ್ಲಿ ಸವರಿದಳು. ಅವಳು ಅದನ್ನು ಹೊಸಕುತ್ತಾಳೆಂದು ನಾನು ಎಣಿಸಿದ್ದೆ. ಅಥವಾ ಅವನಿಗೆ ಇಷ್ಟವಾದ ಮರವೆಂದು ಉಳಿಸಿಕೊಳ್ಳಬಹುದೆಂದೂ. ಅವಳು ಬುಡಕ್ಕೆ ಕೈ ಹಾಕಿ, ಬೇರು ಹರಿಯದಂತೆ ಮೆಲ್ಲಗೆ ಎಳೆದು ತೆಗೆದಳು.

"ಇವು ಎಂತ ಮಾಡಿದ್ವು ಪಾಪ" ಎಂದಳು. "ಆದ್ರೂ ಇಲ್ಲಿ ಬ್ಯಾಡ."

ಕಿತ್ತದ್ದನ್ನು ಕಲ್ಲಿನ ಮೇಲೆ ಬೇರು ಮೇಲಾಗಿ ಇಟ್ಟು ಮುಂದಿನದಕ್ಕೆ ಕೈ ಹಾಕಿದಳು. ನಾನೂ ಕೋಲು ಬದಿಗಿಟ್ಟು ಕೂತೆ. ಬಿಸಿಲು ಏರುವವರೆಗೂ ಕಿತ್ತೆವು. ಅವಳು ಶೋಲದ ಅಂಚಿನಿಂದ ಶುರು ಮಾಡಿ ಇಳಿಯುತ್ತ ಬಂದಳು, ನಾನು ಅವಳ ಹಿಂದೆ ಅವಳು ಬಿಟ್ಟದ್ದನ್ನು ಹುಡುಕುತ್ತ ಬಂದೆ. ಅವಳು ಬಿಟ್ಟದ್ದು ಹೆಚ್ಚಿರಲಿಲ್ಲ. ಬೆನ್ನು ನೋವಿಗೆ ಎದ್ದು ನಿಂತು ನೋಡಿದರೆ, ನಾವು ಕಿತ್ತ ಜಾಗ ಒಂದು ಚಾಪೆಯಷ್ಟಿತ್ತು, ಅದರ ಸುತ್ತ ಗುಡ್ಡದ ಉದ್ದಕ್ಕೂ ಆ ಎಳೆಹಸಿರು ಬಿಸಿಲಿಗೆ ಮಿನುಗುತ್ತಿತ್ತು. "ಇದು ನಮ್ಮಿಂದ ಮುಗಿಯುವುದಲ್ಲ ಜುಲೈಕಾ" ಎಂದೆ. ಅವಳು ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, "ಗೊತ್ತು" ಎಂದು ಕೀಳುತ್ತಲೇ ಇದ್ದಳು.